ಹಿಂದಿನ ಗೋಡೆಯ ಗಾಜು

ಬುಧವಾರ, ಮಧ್ಯಾಹ್ನ ಎರಡು ಗಂಟೆ

ಅಕ್ಕಾ,

ಎದುರಿಗೆ ನಿಂತು ಹೇಳಬೇಕಾದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ, ಬೈದುಕೋ. ಬೆಳಿಗ್ಗೆ ಹೇಳಬೇಕೆಂದೇ ನಿಮ್ಮ ಮನೆಗೆ ಬಂದಿದ್ದೆ. "ಬಾರೇ, ನೆಂಟರ ಥರ ಬಾಗಿಲಲ್ಲೇ ನಿಂತಿದೀಯಲ್ಲ" ಅಂತ ನೀನು ಕಾಫಿ ಕೊಟ್ಟೆ, ಭಾವ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಕಾಫಿ ಕುಡಿದು, ಸಕ್ಕರೆ ಜಾಸ್ತಿಯಾಯಿತು ಎಂದು ನಿನ್ನನ್ನೇ ಆಡಿಕೊಂಡು ಎದ್ದು ಬಂದೆ. ಅಂಥ ಧೈರ್ಯವಂತೆ ನಾನು.

ಮೊದಲು ಮುಖ್ಯವಾದ ಮಾತು. ನಾಳೆ ಹತ್ತು ಗಂಟೆಗೆ ನಮ್ಮ ಟವರ್ ಕಂಪನಿಯ ಮ್ಯಾನೇಜರ್ ತರುವ ಕಾಗದಕ್ಕೆ ಸಹಿ ಹಾಕಬೇಡ. ನಿನ್ನ ಹೊಲಿಗೆ ಮೆಷಿನ್ ಅದುರಿ ಅದುರಿ ಹಿಂದಿನ ಗೋಡೆ ಬಿರುಕು ಬಿಟ್ಟಿತು ಎಂದು ಅದರಲ್ಲಿ ಬರೆದಿದೆ. ನೀನು ಒಪ್ಪಿಕೊಂಡರೆ ತಪ್ಪು ಮನೆಯವರದ್ದೇ ಆಗುತ್ತದೆ. ವಾಸಕ್ಕೆ ಯೋಗ್ಯವಲ್ಲ ಎಂದು ಮನೆ ಕೆಡವಿಸುತ್ತಾರೆ, ಪಕ್ಕದ ಟವರ್ ಕೆಲಸ ಒಂದು ದಿನವೂ ನಿಲ್ಲುವುದಿಲ್ಲ. ಅಕ್ಕಾ, ಕಾರಣ ನಿನ್ನ ಮೆಷಿನ್ ಅಲ್ಲ. ಅವರು ತೋಡುತ್ತಿರುವ ಹಳ್ಳ. ಇದು ನನಗೆ ಮೊದಲಿನಿಂದ ಗೊತ್ತಿತ್ತು.

ನಿನಗೆ ನೆನಪಿದೆಯಲ್ಲ, ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆ ಅಂತ ಮೂವತ್ತೆರಡು ಮಹಡಿಯ ಚಿತ್ರ ಬೀದಿಯ ತುದಿಯಲ್ಲಿ ನಿಂತಾಗ ಮೊದಲು ಜಗಳ ತೆಗೆದವಳು ನೀನೇ. ಟವರ್ ಬೇಡ ಎಂದು ಕಿಟಕಿಗೆ ಹಳದಿ ಕಾಗದ ಅಂಟಿಸಿದೆ. ನಿನ್ನನ್ನು ನೋಡಿ ಇಡೀ ಬೀದಿ ಅಂಟಿಸಿತು. ಇನ್ನೂರು ವರ್ಷದ ಗೋಡೆಗಳು ಒಂದರ ಮೇಲೊಂದು ಭುಜ ಊರಿಕೊಂಡು ನಿಂತಿವೆ, ಪಕ್ಕದಲ್ಲಿ ಅಷ್ಟು ಆಳ ತೋಡಿದರೆ ಉಳಿಯುತ್ತವಾ ಎಂದು ಸಭೆಯಲ್ಲಿ ಮ್ಯಾನೇಜರಿಗೆ ಬೆವರಿಳಿಸಿದೆ. ಆಮೇಲೆ ಬಿರುಕುಗಳ ಉಸ್ತುವಾರಿ ಕೆಲಸ ನನಗೆ ಸಿಕ್ಕಿತು. ಅದೇ ಸಂಜೆ ನೀನು ಹಳದಿ ಕಾಗದ ಕಿತ್ತು ಹಾಕಿದೆ. "ನನ್ನ ತಂಗಿ ನೋಡ್ಕೋತಾಳೆ, ಅವಳ ಕಣ್ಣು ತಪ್ಪಿಸಿ ಒಂದು ಇರುವೆನೂ ಹೋಗಲ್ಲ" ಎಂದು ಮನೆಮನೆಗೂ ಹೇಳಿಕೊಂಡು ಬಂದೆ. ಪಕ್ಕದ ಮನೆಯ ಪುಸ್ತಕ ಬೈಂಡಿಂಗ್ ತಾತನ ಕಿಟಕಿಯ ಕಾಗದವನ್ನಂತೂ ನೀನೇ ಕುರ್ಚಿ ಹತ್ತಿ ಕಿತ್ತೆ. ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ! ಈಗ ನೆನೆದರೆ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ.

ನನ್ನ ಕೆಲಸ ಏನೆಂದು ನಿನಗೆ ಯಾವತ್ತೂ ಪೂರ್ತಿ ಹೇಳಲಿಲ್ಲ. ಹಳೆಯ ಬಿರುಕಿನ ಮೇಲೆ ಬೆರಳುದ್ದದ ತೆಳು ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಸಿಮೆಂಟ್ ಮೆತ್ತಿ, ಅದರ ಮೇಲೆ ತಾರೀಖು ಬರೆಯುವುದು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಒಡೆದರೆ ಪುಸ್ತಕದಲ್ಲಿ ಬರೆಯಬೇಕು. ನಗರ ಕಚೇರಿಯ ಎಂಜಿನಿಯರ್ ಬಂದು ನೋಡುವ ತನಕ ತೋಡುವುದು ನಿಲ್ಲಬೇಕು. ಮಗುವಿಗೂ ಅರ್ಥವಾಗುವ ನಿಯಮ.

ನಿನ್ನ ಹಿಂದಿನ ಕೋಣೆಯ ಗಾಜು ಒಡೆಯಿತು. ನೀನು ಅಡುಗೆಮನೆಯಲ್ಲಿದ್ದೆ. ನಾನು ಅದನ್ನು ಕಿತ್ತು, ಹೊಸ ಗಾಜು ಹಚ್ಚಿ, ಹಳೆಯ ತಾರೀಖನ್ನೇ ಬರೆದೆ.

ಯಾರೂ ನನ್ನನ್ನು ಹೆದರಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಹಾಗೆ ಏನಾದರೂ ಆಗಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಅದಕ್ಕೆ ಹಿಂದಿನ ದಿನ ಮ್ಯಾನೇಜರ್ ನಕ್ಷೆ ಹರಡಿ, ಒಂಬತ್ತನೇ ಮಹಡಿಯಲ್ಲಿ ಒಂದು ಕೋಣೆಯ ಮೇಲೆ ಬೆರಳಿಟ್ಟು, "ಕಟ್ಟಡ ಮುಗಿದ ಮೇಲೆ ಇದೇ ನಿಮ್ಮ ಜಾಗ ಮೇಡಂ, ಎರಡು ಕಡೆ ಕಿಟಕಿ" ಅಂದಿದ್ದರು. ಹತ್ತೊಂಬತ್ತು ವರ್ಷ ತಗಡಿನ ಶೆಡ್ಡಿನಲ್ಲಿ ಕೂತು ಕೆಲಸ ಮಾಡಿದವಳು ಕಣೇ ನಾನು. ಆ ಎರಡು ಕಿಟಕಿ ನನ್ನ ತಲೆಗೆ ಹತ್ತಿಬಿಟ್ಟವು. ಕೆಲಸ ನಿಲ್ಲಿಸಿದ ಹೆಂಗಸು ಅನ್ನಿಸಿಕೊಂಡರೆ ಆ ಬೆರಳು ಬೇರೆ ಯಾರ ಕಡೆಗೋ ಹೋಗುತ್ತದೆ ಅನ್ನಿಸಿತು. ಇಷ್ಟೇ. ಇಷ್ಟಕ್ಕೇ.

ಅದಾಗಿ ವಾರಕ್ಕೆ ನೀನೇ ಬಿರುಕಿನ ಹತ್ತಿರ ನಿಂತು, "ಇದು ದೊಡ್ಡದಾಗ್ತಿದೆ ಅಲ್ವಾ?" ಅಂದೆ. ನನ್ನ ನಾಲಿಗೆ ಸುಮ್ಮನಿರಬಾರದಿತ್ತೇ? "ನಿನ್ನ ಮೆಷಿನ್ ಗೋಡೆಗೆ ಒತ್ತಿಕೊಂಡಿದೆ, ದಿನವಿಡೀ ಗಡಗಡ ಅಂದರೆ ಇನ್ನೇನಾಗುತ್ತೆ" ಅಂದುಬಿಟ್ಟೆ. ನೀನು ಮುಖ ಸಣ್ಣದು ಮಾಡಿಕೊಂಡೆ. ಮಾರನೆಯ ದಿನ ಭಾವನೂ ನೀನೂ ಸೇರಿ ಮೆಷಿನ್ ಎತ್ತಿ ಮುಂದಿನ ಕತ್ತಲೆ ಕೋಣೆಗೆ ಸಾಗಿಸಿದಿರಿ. ಅಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಕಾಣದೆ ನೀನು ಎರಡು ಸಲ ಬೆರಳು ಚುಚ್ಚಿಕೊಂಡೆ. ಆ ಬೆರಳಿಗೆ ಪಟ್ಟಿ ಕಟ್ಟಿದವಳು ನಾನು, ಆಗಲೂ ಬಾಯಿ ಬಿಡಲಿಲ್ಲ. "ನಾನೇ ಅಪ್ಪನ ಮನೆ ಹಾಳು ಮಾಡಿದ್ನಾ ಚೂಟಿ?" ಎಂದು ನೀನು ಕೇಳಿದಾಗ, "ಹೋಗಲಿ ಬಿಡು, ಗೊತ್ತಿಲ್ಲದೆ ಆಗಿದ್ದು" ಎಂದು ದೊಡ್ಡ ಮನಸ್ಸಿನವಳ ಹಾಗೆ ಸಮಾಧಾನ ಮಾಡಿದೆ. ಥೂ!

ಆ ಮಾತನ್ನೇ ಉಸ್ತುವಾರಿ ಪುಸ್ತಕದಲ್ಲೂ ಬರೆದಿದ್ದೆ. ನಾಳೆಯ ಕಾಗದ ಹುಟ್ಟಿದ್ದು ಅದರಿಂದಲೇ. ಮ್ಯಾನೇಜರ್ ನನ್ನ ಅಕ್ಷರವನ್ನು ಹಾಗೆಯೇ ಇಳಿಸಿಕೊಂಡಿದ್ದಾರೆ.

ಈಗ ನನ್ನ ಮಾತು ಕೇಳು. ಗೋಡೆ ಯಾವಾಗ ಕುಸಿಯುತ್ತದೋ ಹೇಳಲಾಗದು, ಇವತ್ತೇ ಭಾವನನ್ನೂ ಪಕ್ಕದ ಮನೆಯ ತಾತನನ್ನೂ ಕರೆದುಕೊಂಡು ನನ್ನ ಮನೆಗೆ ಹೋಗು. ಮುಂದಿನ ಕೋಣೆಯೂ ಬೇಡ, ಅದನ್ನು ಹೊತ್ತಿರುವುದೂ ಅದೇ ಗೋಡೆ. ಬೀಗದ ಕೈ ಇದರ ಜೊತೆ ಇದೆ. ನಾನು ಅಲ್ಲಿರುವುದಿಲ್ಲ, ನನ್ನ ಮುಖ ನೋಡಬೇಕಾಗುತ್ತದೆ ಎಂದು ಹಿಂಜರಿಯಬೇಡ. ಇದನ್ನು ನಿಮ್ಮ ಬಾಗಿಲ ಕೆಳಗೆ ತಳ್ಳಿ ನೇರವಾಗಿ ನಗರ ಕಚೇರಿಗೆ ಹೋಗುತ್ತೇನೆ. ಎಂಜಿನಿಯರಿಗೆ ಎಲ್ಲವನ್ನೂ ಬರೆದು ಕೊಡುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ಕೇಸು ಹಾಕಿದರೂ ಹಾಕಲಿ. ಬೀದಿಯವರು ಉಗಿಯುತ್ತಾರೆ, ಅದು ನನಗೆ ಸಲ್ಲಬೇಕಾದ್ದೇ. ನೀನು ಏನು ಮಾಡುತ್ತೀಯೋ ಎಂಬುದೊಂದೇ ನನ್ನ ಎದೆ ಹಿಂಡುತ್ತಿದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಸಹಿ ಮಾತ್ರ ಹಾಕಬೇಡ.

ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ ನನಗೆ ನೀನಿಟ್ಟ ಹೆಸರಿಗೆ ಮಸಿ ಬಳಿದವಳು,
ನಿನ್ನ ಚೂಟಿ

ತಾ.ಕ.: ಮೇಲೆ ಒಂದು ಗಾಜು ಎಂದು ಬರೆದೆ. ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಒಂದಲ್ಲ ಅಕ್ಕಾ, ಮೂರು. ಮೂರು ಸಲವೂ ನಿನ್ನ ಹೆಜ್ಜೆ ಸದ್ದಿಗೆ ಹೆದರಿ, ಕೈಗೆ ಸಿಕ್ಕ ನಿನ್ನ ಗುಂಡಿ ಡಬ್ಬಿಯಲ್ಲೇ ಚೂರುಗಳನ್ನು ತುರುಕಿದೆ. ತಳದಲ್ಲಿ, ದೊಡ್ಡ ಕೋಟಿನ ಗುಂಡಿಗಳ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಪ್ರತಿಯೊಂದರ ಹಿಂದೆ ಅದು ಒಡೆದ ದಿನ ನನ್ನ ಅಕ್ಷರದಲ್ಲಿದೆ. ಅವುಗಳಲ್ಲಿ ಎರಡು ಒಡೆದದ್ದು ನೀನು ಮೆಷಿನ್ ಎತ್ತಿದ ಮೇಲೆ. ನನ್ನ ಮಾತನ್ನು ಇನ್ನು ಯಾರೂ ನಂಬದಿರಬಹುದು, ಆ ಚೂರುಗಳನ್ನು ನಂಬುತ್ತಾರೆ. ಹೋಗುವಾಗ ಡಬ್ಬಿ ಜೊತೆಗೆ ಒಯ್ಯಿ, ನಾಳೆ ಮ್ಯಾನೇಜರ್ ಪೆನ್ನು ಚಾಚಿದಾಗ ಅದನ್ನು ಎಲ್ಲರ ಮುಂದೆ ಮೇಜಿನ ಮೇಲೆ ಸುರಿ. ನಿಧಾನವಾಗಿ ಸುರಿ, ಬೆರಳು ಕುಯ್ದುಕೊಂಡೀಯೆ.