ಅಕ್ಷರದ ಕಾಲು

ಮಂಗಳವಾರ, ಮಾರ್ಚ್ ೧೧

ಆ ಬಟನ್ ಇನ್ನೂ ತಲೆಯಿಂದ ಇಳಿದಿಲ್ಲ. ಆಸ್ಪತ್ರೆಯ ಆ್ಯಪ್‌ಗೆಂದು ನಾನೇ ಕೈಯಾರೆ ಕಟ್ಟಿದ್ದು. ಡಿಸೈನರ್ ಇಂಗ್ಲಿಷ್ ಪದ ಹಾಕಿ ಅಳತೆ ತೆಗೆದು, ಎತ್ತರ ನಲವತ್ತು ಪಿಕ್ಸೆಲ್, ಕೂದಲೆಳೆಯಷ್ಟೂ ಹೆಚ್ಚಬಾರದು ಅಂದಿದ್ದ. ಅದರೊಳಗೆ ಕನ್ನಡದ 'ಒಪ್ಪಿದ್ದೇನೆ' ಕೂರಿಸಿದರೆ ಒತ್ತಕ್ಷರಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ನಿನ್ನೆ ಅತ್ತೆಯ ಫೋನಿನಲ್ಲಿ ಹಾಕಿ ತೋರಿಸಿದಾಗ ಅವರು ಕನ್ನಡಕ ಸರಿಮಾಡಿಕೊಂಡು, "ಇದೇನಮ್ಮಾ, ಅಕ್ಷರಕ್ಕೆ ಕಾಲೇ ಇಲ್ವಲ್ಲ!" ಅಂದರು. ಅದಕ್ಕೇ, ಅಕ್ಷರ ಎಷ್ಟು ಎತ್ತರವೋ ಬಟನ್ ಅಷ್ಟು ತಾನೇ ಬೆಳೆಯುವ ಹಾಗೆ ತಿದ್ದಿದೆ.

ಇವತ್ತು ಮ್ಯಾನೇಜರ್ ಬೆಳೆದ ಬಟನ್ ನೋಡಿ ಎಲ್ಲರೆದುರು, "ಒತ್ತಕ್ಷರ ಇಲ್ದಿರೋ ಪದ ಹುಡುಕಮ್ಮ, ಮುಗೀತು" ಅಂದರು.

ಮೈಯೆಲ್ಲ ಉರಿದುಹೋಯಿತು. "ನಿಮ್ಮ ಹೆಸರಲ್ಲೂ ಒತ್ತಕ್ಷರ ಇದೆ ಸರ್. ಅದನ್ನೂ ಬದಲಾಯಿಸ್ಬಿಡ್ಲಾ?" ಅಂದೆ. ಯಾರೂ ನಗಲಿಲ್ಲ. ಡಿಸೈನರ್ ಮಾತ್ರ ಕಾಫಿ ಲೋಟದೊಳಗೆ ಮುಖ ಹುದುಗಿಸಿಕೊಂಡ.

ಸಂಜೆಯೊಳಗೆ ನಲವತ್ತಕ್ಕೆ ಇಳಿಸಬೇಕು, ಇಲ್ಲವಾದರೆ ಕೆಲಸ ಬೇರೆಯವರ ಕೈಗೆ ಅಂತ ಅಪ್ಪಣೆಯಾಯಿತು. ಇಳಿಸಲಿಲ್ಲ. ಚಡ್ಡಿ ಗಿಡ್ಡವಾಯಿತೆಂದು ಯಾರಾದರೂ ಮಗುವಿನ ಕಾಲು ಕತ್ತರಿಸುತ್ತಾರೆಯೇ?

ನಾಳೆ ಏನಾಗುತ್ತದೋ ಆಗಲಿ. ಕಣ್ಣು ಎಳೆಯುತ್ತಿದೆ. ಮಲಗುವ ಮುಂಚೆ ಫೋನಿನಲ್ಲಿ ಇನ್ನೊಮ್ಮೆ ನೋಡಿದೆ. 'ಒಪ್ಪಿದ್ದೇನೆ' ಕಾಲೂರಿ ನಿಂತಿದೆ. ನಾನು ಮಾತ್ರ ಒಪ್ಪಿಲ್ಲ.