ಉಣ್ಣೆಗೋಡೆಯ ಆಚೆಯ ಮಾತು

ಬಿಷ್ಕೆಕ್,
ಆಗಸ್ಟ್ ೧೧

ಪ್ರೀತಿಯ ಅವ್ವನಿಗೆ, ನಿನ್ನ ಬುರುಲ್ ಬರೆಯುವುದು.

ನಿನ್ನ ಫೋನು ಸದಾ ತಾಲಾಯ್ ಅಣ್ಣನ ಜೇಬಿನಲ್ಲೇ ಇರುತ್ತದೆ, ಅದಕ್ಕೇ ಕಾಗದ. ಓದಿದ ಮೇಲೆ ಇದನ್ನು ಅವನ ಕೈಗೆ ಕೊಡಬೇಡ. ಅವನ ಹೆಸರು ಬರೆಯುವುದಕ್ಕೂ ನನಗೆ ಹೇಸಿಗೆಯಾಗುತ್ತಿದೆ.

ಅಪ್ಪ ತೀರಿ ವರ್ಷ ತುಂಬುವ ಔತಣಕ್ಕೆ ಇನ್ನು ಒಂದೇ ತಿಂಗಳು. ಅವತ್ತು ಅಪ್ಪನ ಹೆಸರಿನಲ್ಲಿ ಕೊಯ್ಯಲೆಂದು, ಸೂತಕದ ಗುರುತಿಗೆ ಬಾಲ ಕತ್ತರಿಸಿ, ಯಾರೂ ಹತ್ತದಂತೆ ಬಿಟ್ಟಿದ್ದ ಅಪ್ಪನ ಕುದುರೆ ಕುಲಾ ಡಿಸೆಂಬರಿನಲ್ಲಿ ತೋಳದ ಪಾಲಾಯಿತೆಂದು ಅಣ್ಣ ಹೇಳಿದ. ದೊಡ್ಡಿಯ ಅಗಳಿ ಹಾಕದೆ ಬಿಟ್ಟವಳು ನಾನೇ ಎಂದು ನೀನು ಊರಿಗೆಲ್ಲ ಹೇಳಿಕೊಂಡು ಅಳುತ್ತೀಯ. ಈಗಲೂ ಕುಲಾಗೆ ನೆಕ್ಕಿಸಲೆಂದು ಜೇಬಿನಲ್ಲಿ ಉಪ್ಪಿನ ಹರಳು ಇಟ್ಟುಕೊಂಡು ಹಳ್ಳದ ದಡದಲ್ಲಿ ಅದನ್ನು ಹುಡುಕುತ್ತೀಯಂತೆ. ಸಾಕು ಅವ್ವ. ನೀನು ಅಗಳಿ ಹಾಕಿದ್ದೆ.

ಅಪ್ಪ ತೀರಿಕೊಂಡ ದಿನ ನೀನು ಉಣ್ಣೆಯ ಗುಡಾರದೊಳಗೆ ಗೋಡೆಗೆ ಮುಖ ಮಾಡಿ ಕುಳಿತು ಅವನನ್ನು ಹಾಡಿ ಅತ್ತೆಯಲ್ಲ, ಅದು ಇನ್ನೊಮ್ಮೆ ಸಿಗುವ ಹಾಡಲ್ಲವೆಂದು ನಾನು ಸಣ್ಣ ರೆಕಾರ್ಡರೊಂದನ್ನು ಗೋಡೆಯ ಕಟ್ಟಿಗೆ ಜಾಲರಿಗೆ ಸಿಕ್ಕಿಸಿದ್ದೆ. ಆ ಗೋಡೆಯಾಚೆಗೇ ಅಣ್ಣನೂ ದೊಡ್ಡಪ್ಪನ ಮಗ ಎಸೆನ್ನೂ ಸಾವಿನ ಮನೆಯ ಗಂಡಸರ ಪದ್ಧತಿಯಂತೆ ಕೋಲೂರಿ ಬಾಗಿ ನಿಂತಿದ್ದರು. ನೆಂಟರು ಬಂದಾಗ ಗೋಳಿಡುವುದು, ಅವರು ಒಳಹೊಕ್ಕ ಮೇಲೆ ಸುಮ್ಮನಾಗುವುದು. ನಡುವೆ ಇದ್ದದ್ದು ಕಂಬಳಿಯಷ್ಟು ದಪ್ಪದ ಉಣ್ಣೆ ಮಾತ್ರ. ಬಿಡುವಿನಲ್ಲಿ ಅವರಾಡಿದ ಮಾತೂ ರೆಕಾರ್ಡರಿನಲ್ಲಿದೆ.

ಕೇಳಿಸಿದರೆ ಅಣ್ಣ "ಅವ್ಳು ಕಂಪ್ಯೂಟರ್‌ನಲ್ಲಿ ಹುಟ್ಟಿಸಿದ್ದು" ಎನ್ನುತ್ತಾನೆ. ನೀನು ನಂಬಿಯೂ ಬಿಡುತ್ತೀಯ. ಆದ್ದರಿಂದ ಯಂತ್ರ ಹೇಗೆ ಕೇಳಿಸಿಕೊಳ್ಳುತ್ತದೆಂದು ಮೊದಲು ತಿಳಿದುಕೋ.

ಸದ್ದೆಂದರೆ ಗಾಳಿಯ ನಡುಕ. ನೀನು ಪ್ರತಿ ನೌರೂಜ್ ಹಬ್ಬಕ್ಕೆ ನನ್ನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರಕ್ಕೆ ಗೆರೆ ಎಳೆಯುತ್ತಿದ್ದೆ, ನೆನಪಿದೆಯಾ? ವರ್ಷಕ್ಕೊಂದೇ ಗೆರೆ; ನಡುವೆ ಯಾವಾಗ ಎಷ್ಟು ಬೆಳೆದೆನೋ ಗೊತ್ತಿಲ್ಲ. ದಿನಕ್ಕೊಂದು ಎಳೆದಿದ್ದರೆ ಬೆಳೆದದ್ದೆಲ್ಲ ಕಾಣುತ್ತಿತ್ತು. ಯಂತ್ರ ಗಾಳಿಯ ನಡುಕಕ್ಕೆ ಒಂದು ಸೆಕೆಂಡಿನಲ್ಲಿ ನಲವತ್ತನಾಲ್ಕು ಸಾವಿರ ಗೆರೆ ಎಳೆಯುತ್ತದೆ, ಪ್ರತಿ ಗೆರೆಗೂ ಒಂದು ಸಂಖ್ಯೆ ಬರೆದಿಡುತ್ತದೆ. ಅಳತೆಯೂ ಗೇಣಿನದಲ್ಲ, ಕೂದಲೆಳೆಯದು, ಪಿಸುಮಾತೂ ತಪ್ಪಿಸಿಕೊಳ್ಳುವುದಿಲ್ಲ. ಆಮೇಲೆ ಆ ಸಂಖ್ಯೆಗಳನ್ನು ಹಿಗ್ಗಿಸಿದರೆ ಪಿಸುಮಾತು ಮಾತಾಗುತ್ತದೆ. ನಾನು ಮಾಡಿದ್ದು ಅಷ್ಟೇ.

ನಾನು ನಿನ್ನ ಫೋನಿಗೆ ಕಳಿಸಿದ್ದು ಆ ಹಾಡಿನ ಕಿರಿದು ಮಾಡಿದ ಪ್ರತಿ. ಜಾಗ ಉಳಿಸಲು, ಜೋರು ಸದ್ದಿನ ಮಗ್ಗುಲಿನ ಮೆಲುಸದ್ದನ್ನು ಹೇಗೂ ಯಾರಿಗೂ ಕೇಳಿಸದೆಂದು ಯಂತ್ರ ಎಸೆದುಬಿಡುತ್ತದೆ. ಎಸೆದದ್ದು ಮತ್ತೆ ಸಿಗುವುದಿಲ್ಲ. ಮೂಲ ಈ ಲಕೋಟೆಯ ಪೆನ್‌ಡ್ರೈವ್‌ನಲ್ಲಿದೆ. ನುರ್‌ಝಾತ್ ಟೀಚರ ಮನೆಗೆ ಹೋಗಿ ಅವರ ಕಂಪ್ಯೂಟರಿನಲ್ಲಿ ಕೇಳು.

ಹನ್ನೊಂದನೆಯ ನಿಮಿಷ. "ನಿನ್ನ ಕುದುರೆಯ ಕಡಿವಾಣ ಇನ್ನು ಯಾರು ಹಿಡಿಯಬೇಕು" ಎಂದು ಹಾಡಿ ನೀನು ಉಸಿರೆಳೆದುಕೊಳ್ಳುತ್ತೀಯ. ಆಗ ಎಸೆನ್, "ಏನೋ, ಜಿಲ್ಲೆ ಸಾಹೇಬ್ರು ಕುಲಾ ಮೇಲೆ ಕಣ್ಣಿಟ್ಟವ್ರಂತೆ?" ಎನ್ನುತ್ತಾನೆ. ಅಣ್ಣ, "ಕೊಡೋಣ ಬಿಡು. ಚಳಿಗಾಲ ಬರ್ಲಿ, ತೋಳ ತಿಂತು ಅಂದ್ರಾಯ್ತು. ಅವ್ವಂಗೇನ್ ಗೊತ್ತಾಗುತ್ತೆ" ಎನ್ನುತ್ತಾನೆ. ಎಸೆನ್, "ಬಂದ್ರು ಬಂದ್ರು, ಅಳೋ" ಎನ್ನುತ್ತಾನೆ. ಆ ಕ್ಷಣಕ್ಕೇ ಅಣ್ಣನ ಗೋಳು ಶುರು: ಅಪ್ಪಾ, ನನ್ನ ಬೆಟ್ಟವೇ, ಬೆನ್ನಿಗಿದ್ದವನೇ.

ಥೂ. ಅಪ್ಪನ ಹೆಣ ಇನ್ನೂ ಒಳಗಿತ್ತು. ಆ ಗೋಳು ಕೇಳಿದಾಗಲೆಲ್ಲ ಎದ್ದು ಹೋಗಿ ಮುಖ ತೊಳೆದು ಬರುತ್ತೇನೆ. ಆ ಬಾಯಿಗೆ ನೀನು ಈಗಲೂ ರೊಟ್ಟಿ ಸುಟ್ಟು ಹಾಕುತ್ತೀಯಲ್ಲ ಎಂದು ಮೈ ಉರಿಯುತ್ತದೆ.

ಔತಣದ ದಿನ ಅಣ್ಣ ಫೋನಿನ ಪ್ರತಿಯನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿಸಿ, ನೆಂಟರೆದುರು ಮತ್ತೆ ಅಳುತ್ತಾನಂತೆ. ಬಿಡಬೇಡ. ಮೂಲವನ್ನೇ ಹಾಕಿಸು. ಅಗಳಿ ಹಾಕಿದ್ದೆನೆಂದು ಎಲ್ಲರೆದುರು ಹೇಳು. ಇನ್ನು ಹಳ್ಳದ ಕಡೆ ಹೋಗಬೇಡ ಅವ್ವ.

ನಿನ್ನ ಮಗಳು,
ಬುರುಲ್

ತಾ.ಕ.: ಅಣ್ಣನ ಒಂದು ಮಾತನ್ನು ಮೇಲೆ ಬರೆಯಲಿಲ್ಲ. ಟೀಚರ ಮನೆಯಲ್ಲಿ ಹೇಗೂ ಕೇಳಿಸಿಕೊಳ್ಳುತ್ತೀಯ. "ಕೊಡೋಣ ಬಿಡು" ಎಂದ ಮೇಲೆ ಅವನು, "ಬದ್ಲಿಗೆ ಸಾಹೇಬ್ರು ಬುರುಲ್‌ಗೆ ರೇಡಿಯೊದಲ್ಲಿ ಕೆಲ್ಸ ಕೊಡಿಸ್ತಾರಲ್ಲ" ಎನ್ನುತ್ತಾನೆ. ಇದನ್ನೆಲ್ಲ ನಾನು ಅಕ್ಟೋಬರಿನಲ್ಲೇ ಕೇಳಿದ್ದೆ. ಫೋನಿನ ಪ್ರತಿಯಿಂದ ಈ ಮಾತುಗಳನ್ನು ಎಸೆದದ್ದು ಯಂತ್ರವಲ್ಲ, ನಾನು. ನವೆಂಬರಿನಲ್ಲಿ ಕೆಲಸಕ್ಕೆ ಸೇರಿದೆ. ಆಗ ಕುಲಾ ಇನ್ನೂ ನಿನ್ನ ದೊಡ್ಡಿಯಲ್ಲೇ ಇತ್ತು.