ಅಳಿಯನಿಗೆ ಬೆಳ್ಳಿಯ ಉಂಗುರ

ರಾಜಾಜಿನಗರ, ಬೆಂಗಳೂರು
22-4-1956

ಪ್ರೀತಿಯ ನಾಣಿ ಅಣ್ಣನಿಗೆ ತುಂಗಾಳ ನಮಸ್ಕಾರಗಳು.

ನಿನ್ನ ಕೆಮ್ಮು ಹೇಗಿದೆ? ಮುಂಬಯಿಯ ಹೋಟೆಲಿನ ಊಟ ಉಂಡು ನೀನು ಸೊರಗಿದ್ದೀಯೆಂದು ಅಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ಮೂರು ವರ್ಷದಿಂದ ಮುಖ ತೋರಿಸಿಲ್ಲವಲ್ಲ, ನೀನು ದಪ್ಪಗಾಗಿದ್ದರೂ ಅವಳಿಗೆ ಹೇಗೆ ಗೊತ್ತಾಗಬೇಕು! ನಾವು ಕ್ಷೇಮ. ಕಾಮಾಕ್ಷಿಪಾಳ್ಯದಲ್ಲಿ ನಾನು ಪಾಠ ಹೇಳುವ ಶಾಲೆಗೆ ಬೇಸಿಗೆ ರಜ ಬಂದಿದೆ, ಹಾಗಾಗಿ ಮನೆಯ ಜಗಳಗಳಿಗೆಲ್ಲ ಈಗ ನಾನೇ ಸಾಕ್ಷಿ.

ಸದ್ಯದ ಜಗಳ ಮದುವೆಯ ಉಂಗುರದ್ದು. ವೈಶಾಖದಲ್ಲಿ ನನ್ನ ಕೈಹಿಡಿಯಲಿರುವ ಸೇತುರಾಮರು ಇಲ್ಲಿಯ ಕಾರ್ಖಾನೆಯೊಂದರಲ್ಲಿ ಟರ್ನರ್ ಎಂದು ಬರೆದಿದ್ದೆನಲ್ಲ. ವರನಿಗೆ ನಾವು ಉಂಗುರ ಹಾಕಬೇಕು, ಬೆರಳಿನ ಅಳತೆಗೆ ಒಂದು ದಾರ ಕಳಿಸಿ ಎಂದು ಅಮ್ಮ ಹೇಳಿಕಳಿಸಿದಳು. ದಾರ ಜಗ್ಗುತ್ತದೆ, ಅದನ್ನು ನಂಬುವುದು ಹೇಗೆ ಎಂದು ಆ ಮಹಾಶಯರು ಕಾರ್ಖಾನೆಯ ಲೇತ್ ಯಂತ್ರದಲ್ಲಿ ಹಿತ್ತಾಳೆಯ ಉಂಗುರವನ್ನೇ ಕಡೆದು ತಮ್ಮ ತಂಗಿ ಜಲಜಾಳ ಕೈಯಲ್ಲಿ ಕಳಿಸಿಬಿಟ್ಟರು. ಅಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿ ಕೆಂಡಾಮಂಡಲವಾದಳು. "ನಮ್ಮಿಂದ ಚಿನ್ನ ಹಾಕೋಕಾಗಲ್ಲ ಅಂತ ಗಂಡೇ ಹಿತ್ತಾಳೆ ಕಳಿಸಿದಾನೆ ನೋಡೇ!" ಎಂದಳು. ಜಲಜಾ ಪಾಪ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಓಡಿದಳು. ಮಾರನೆಯ ದಿನ ಸೇತುರಾಮರೇ ಬಂದು, ಅದು ಬರೀ ಅಳತೆಗೆ ಎಂದು ಬೆವರುತ್ತ ವಿವರಿಸಿದರು. ಜೊತೆಗೆ, "ನಂಗೆ ಬೆಳ್ಳೀದೇ ಸಾಕಮ್ಮಾ, ಚಿನ್ನ ಮೆದು, ನಮ್ಮ ಕೈಗೆ ತಡಿಯಲ್ಲ" ಎಂದೂ ಸೇರಿಸಿದರು.

ಅಮ್ಮ ಒಪ್ಪುವವಳೇ? ಮನೆಯಲ್ಲಿ ಉಳಿದಿರುವ ಚಿನ್ನವೆಂದರೆ ನಿನ್ನ ಬೆರಳಲ್ಲಿರುವ ಅಪ್ಪನ ಉಂಗುರ ಎಂದು ಅವಳ ಲೆಕ್ಕ. "ನಾಣಿ ಮದುವೆಗೆ ಬರ್ತಾನಲ್ಲ, ಅದನ್ನೇ ಕರಗಿಸಿದ್ರಾಯ್ತು" ಎಂದು ಹಟ ಹಿಡಿದಳು. ಅಣ್ಣಾ, ನನಗೆ ಆ ಉಂಗುರವೆಂದರೆ ಅಪ್ಪನ ಕೈಯೇ. ಬಚ್ಚಲಲ್ಲಿ ಅದು ಚೊಂಬಿಗೆ ಟಣ್ಣೆಂದು ತಗುಲಿದ್ದು ಕೇಳಿಸಿದರೆ ಸಾಕು, ನಾವಿಬ್ಬರೂ ಆಟ ಬಿಟ್ಟು ಮಗ್ಗಿ ಪುಸ್ತಕ ಹಿಡಿಯುತ್ತಿದ್ದೆವು. ಆಸ್ಪತ್ರೆಯಲ್ಲಿ ಬೆರಳು ಸಣ್ಣಗಾಗಿ ಅದು ತಾನಾಗಿ ಜಾರಿದಾಗ ಅಪ್ಪ ನಿನ್ನನ್ನು ಹತ್ತಿರ ಕರೆದು, "ನೀನು ಹಾಕ್ಕೊಳೋ, ತುಂಗನ್ನ ಓದಿಸು" ಎಂದರು. ನೆನೆದರೆ ಈಗಲೂ ಅಳು ಬರುತ್ತದೆ.

ಅದಕ್ಕೇ ನಾನು ಬಾಯಿಬಿಟ್ಟೆ. ಹಾಕಿಕೊಳ್ಳುವವರಿಗೆ ಬೆಳ್ಳಿ ಬೇಕು, ಕಟ್ಟಿಕೊಳ್ಳುವವಳಿಗೂ ಬೆಳ್ಳಿಯೇ ಬೇಕು ಎಂದೆ. ಮದುವೆಯ ಹೆಣ್ಣು ಹೀಗೆಲ್ಲ ಮಾತಾಡುವುದುಂಟೇ ಎಂದು ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಆ ಹಿತ್ತಾಳೆ ಉಂಗುರವನ್ನು ಅಕ್ಕಸಾಲಿಗೆ ತೋರಿಸಿ, ಅದೇ ಅಳತೆಗೆ ಬೆಳ್ಳಿಯದು ಮಾಡಲು ಹೇಳಿಬಂದಳು. ಬರುವಾಗ ಜಲಜಾಳಿಗೆಂದು ಹೂವನ್ನೂ ತಂದಿದ್ದಳು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಕೆಮ್ಮು ಹೋಗುವ ತನಕ ತಣ್ಣೀರು ಕುಡಿಯಬೇಡ ಎಂದಿದ್ದಾಳೆ.

ನಿನ್ನ ತಂಗಿ,
ತುಂಗಾ

ವಿ.ಸೂ: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಪ್ಪನ ಉಂಗುರ ಈಗ ನಿನ್ನ ಬಳಿ ಇಲ್ಲವೆಂದು ನನಗೆ ಗೊತ್ತು. ನನ್ನನ್ನು ಟೀಚರ್ ಟ್ರೈನಿಂಗಿಗೆ ಸೇರಿಸಲು ನೀನು ಅದನ್ನು ಮಾರಿದೆಯೆಂದು ನಿನ್ನ ಸ್ನೇಹಿತ ವೆಂಕಟಗಿರಿ ಹೋದ ತಿಂಗಳು ಹೇಳಿದ. ಇವತ್ತು ಬೆಳಿಗ್ಗೆ ಅಮ್ಮನಿಗೂ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. "ಇದಕ್ಕಾ ನನ್ನ ಮಗು ಮೂರು ವರ್ಷ ಮನೆಗೆ ಬರ್ಲಿಲ್ಲ?" ಎಂದು ಹೊಸ್ತಿಲ ಮೇಲೆ ಕೂತು ಅತ್ತಳು. ಬರಿಗೈಯಲ್ಲೇ ಬಾ ಅಣ್ಣಾ.